ಎಂಟು ಬೈಟಿನ ಅಹವಾಲು

ಕ್ಯಾನ್‌ಓಪನ್ ಜಾಲದಲ್ಲಿ ಒಂದು ಮೋಟಾರ್ ಡ್ರೈವ್ ತನ್ನ ಸಂಕಟ ಹೇಳಿಕೊಳ್ಳುವ ರೀತಿ ನನಗೆ ಬಲು ಇಷ್ಟ. ಇಡೀ ಸಂದೇಶ ಎಂಟೇ ಬೈಟು. ಮೊದಲ ಎರಡರಲ್ಲಿ ದೋಷದ ಸಂಕೇತ: 2ರಿಂದ ಶುರುವಾದರೆ ಕರೆಂಟಿನ ತೊಂದರೆ, 3 ವೋಲ್ಟೇಜಿನದು, 4 ಬಿಸಿಯದು. ಮೂರನೆಯದು ದೋಷದ ರಿಜಿಸ್ಟರ್. ಉಳಿದ ಐದು ತಯಾರಕರಿಗೆ ಬಿಟ್ಟದ್ದು. ಎಂಥ ಅಚ್ಚುಕಟ್ಟು!

ಇನ್ನೂ ಸೊಗಸು, ಅದು ತಂತಿಗೆ ಇಳಿಯುವ ಪರಿ. ಬಾಷ್ ಕಂಪನಿ 1986ರಲ್ಲಿ ಡೆಟ್ರಾಯಿಟ್‌ನಲ್ಲಿ ಪರಿಚಯಿಸಿದ, ಕ್ಯಾನ್‌ಓಪನ್‌ಗೆ ತಳಹದಿಯಾದ ಕ್ಯಾನ್ ಪದ್ಧತಿಯಲ್ಲಿ ಸೊನ್ನೆಯು ಒಂದನ್ನು ಅಡಗಿಸುತ್ತದೆ. ಎರಡು ಸಾಧನಗಳು ಒಟ್ಟಿಗೆ ಬಾಯಿ ತೆರೆದರೆ ಚಿಕ್ಕ ಗುರುತುಸಂಖ್ಯೆಯದರ ಮಾತು ಒಂದು ಬಿಟ್ಟೂ ಕೆಡದೆ ಸಾಗುತ್ತದೆ. ಇನ್ನೊಂದು ತಾನಾಗಿ ಸುಮ್ಮನಾಗಿ ಕಾಯುತ್ತದೆ. ಹದಿನಾರರ ಎಣಿಕೆಯಲ್ಲಿ ಈ ತುರ್ತು ಸಂದೇಶದ ಗುರುತುಸಂಖ್ಯೆ 80ರ ಸಾಲಿನಿಂದ, ದಿನನಿತ್ಯದ ಅಳತೆಗಳದು 180ರಿಂದ ಆಚೆ. ಹೀಗಾಗಿ ನೊಂದದ್ದಕ್ಕೇ ಮೊದಲ ಸರದಿ. ದೋಷಕ್ಕೊಂದೇ ಸಲ ಕೂಗು, ಸರಿಹೋದಾಗ ಸೊನ್ನೆಗಳ ಸಂಕೇತ. ಗೋಳಾಟ ಇಲ್ಲವೇ ಇಲ್ಲ.

ಜೊತೆಗೆ ಹೊತ್ತುಹೊತ್ತಿಗೆ ಕಳಿಸುವ, ಹಾರ್ಟ್‌ಬೀಟ್ ಎಂಬ ಒಂದೇ ಬೈಟಿನ ಸಂದೇಶ: 5 ಎಂದರೆ ಕೆಲಸದಲ್ಲಿದ್ದೇನೆ, 4 ಎಂದರೆ ನಿಂತಿದ್ದೇನೆ. ಅದು ಹೊತ್ತಿಗೆ ಬಾರದಿದ್ದರೆ, ಅದಕ್ಕಾಗಿ ಕಿವಿಗೊಟ್ಟಿದ್ದ ಇನ್ನೊಂದು ಸಾಧನವೇ 8130 ಎಂಬ ಸಂಕೇತದಲ್ಲಿ ದೂರು ಕೊಡುತ್ತದೆ.