ಎಳ್ಳು-ಬೆಲ್ಲದ ಡಬ್ಬದಲ್ಲಿ ಕೊಬ್ಬರಿ ಎಷ್ಟು?

2024ರ ಸಂಕ್ರಾಂತಿಗೆ ನಮ್ಮ ಆಫೀಸಿನಲ್ಲಿ ಎಲ್ಲರಿಗೂ ಒಂದೊಂದು ಎಳ್ಳು-ಬೆಲ್ಲದ ಡಬ್ಬ ಕೊಟ್ಟರು. ಸುಮ್ನೆ ಡಬ್ಬ ಅಲ್ಲ ಅದು. ತೆಳು ಮರದ ಪೆಟ್ಟಿಗೆ, ಸುತ್ತ ಸೆಣಬಿನ ದಾರ, ಒಳಗೆ ಐದು ಗಾಜಿನ ಪುಟ್ಟ ಸೀಸೆ, ಮುಚ್ಚಳದ ಮೇಲೆ ಒಂದು ಕ್ಯೂಆರ್ ಕೋಡು. 'ರೈತನಿಂದ ನೇರ, ಅಜ್ಜಿಯ ಕೈಯಳತೆ, ನೈತಿಕ ಆಯ್ಕೆ' ಅಂತ ಬರಹ. ಕಾಲು ಕೆಜಿಗೆ 649 ರೂಪಾಯಿ. ಇದನ್ನು ಆರಿಸಿದ ಪುಣ್ಯಾತ್ಮ ಯಾರು ಅಂತ ಕೇಳಬೇಡಿ, ನಾನೇ. ನಮ್ಮ ಟೀಮಿನಲ್ಲಿ ಹಳ್ಳಿ ಕಡೆಯವನು ನಾನೊಬ್ಬನೇ. 'ನಿಂಗೆ ಇದೆಲ್ಲ ಗೊತ್ತಿರತ್ತೆ, ನೀನೇ ಸೆಲೆಕ್ಟ್ ಮಾಡು' ಅಂದರು. ನಾನು ಲ್ಯಾಪ್‌ಟಾಪಿನಲ್ಲಿ ಮೂರು ಫೋಟೊ ನೋಡಿ, ಅವುಗಳಲ್ಲಿ ಹೆಚ್ಚು ಹಳ್ಳಿ ಥರ ಕಂಡದ್ದನ್ನು ಆರಿಸಿದೆ.

ಆಗ ಅಪ್ಪನ ಕಣ್ಣಿನ ಆಪರೇಷನ್‌ಗೆ ಅಂತ ಅಪ್ಪ-ಅವ್ವ ಇಬ್ಬರೂ ನಮ್ಮ ಮನೆಯಲ್ಲೇ ಇದ್ದರು. ಅವ್ವ ಸೀಸೆ ತೆಗೆದು ಕೊಬ್ಬರಿಯ ಎರಡು ಚೂರು ಅಂಗೈಗೆ ಹಾಕಿಕೊಂಡಳು. ಮೊದಲು ನೋಡಿದಳು. ಪಗಡೆ ದಾಳದ ಹಾಗೆ ಎಲ್ಲವೂ ಒಂದೇ ಅಳತೆ.

'ಮಿಷನ್ನಾಗ್ ಹೆಚ್ಚವ್ರೆ' ಅಂದಳು. ಬಾಯಿಗೆ ಹಾಕಿಕೊಂಡು ಒಂದು ಸಲ ಅಗಿದು ಸಿಂಕಿನ ಕಡೆ ಹೋದಳು.

'ಕಮಟು ಬಂದೈತಲ್ಲೋ. ಯಾವ್ ಕಾಲಕ್ಕೆ ಹೆಚ್ಚಿದ್ದೋ ಏನೋ. ಇದು ಗಾಣಕ್ ಹಾಕೋ ಕೊಬ್ರಿ.'

ಅಪ್ಪ ಕಪ್ಪು ಕನ್ನಡಕದಲ್ಲೇ ಆ ಕ್ಯೂಆರ್ ಕೋಡಿನ ರೈತನನ್ನು ತೋರಿಸು ಅಂದರು. ಸ್ಕ್ಯಾನ್ ಮಾಡಿದೆ. ತೆಂಗಿನ ತೋಟದ ಫೋಟೊ ಬಂತು. ಮರಗಳ ಹಿಂದೆ ಹಿನ್ನೀರು, ಹಿನ್ನೀರಿನಲ್ಲಿ ದೋಣಿ. ಕೆಳಗೆ 'ಕಡೂರು-ತಿಪಟೂರು ಸೀಮೆಯ ರೈತರು' ಅಂತ ಬರೆದಿತ್ತು. ಕಡೂರಲ್ಲಿ ದೋಣಿ! ಸಾವಿರ ಅಡಿ ಕೊರೆಸಿದರೂ ಧೂಳು ಬರುವ ಬೋರ್‌ವೆಲ್‌ಗಳ ಊರು ನಮ್ಮದು. ಅಪ್ಪ ನಗಲಿಲ್ಲ. 'ನೀರಿರೋ ರೈತ, ಪುಣ್ಯ ಮಾಡಿದ್ದ' ಅಂದರು ಅಷ್ಟೇ.

ಆ ಡಬ್ಬದ ಮೇಲಿನ ನನ್ನ ತಕರಾರು ಶುರುವಾದದ್ದು ಅಲ್ಲಿ. ಎರಡು ವರ್ಷ ಆದರೂ ಮುಗಿದಿಲ್ಲ.

ನಮ್ಮೂರು ಸಿಂಗಟಗೆರೆ, ಕಡೂರು ತಾಲೂಕು. ರೈಲಿನಲ್ಲಿ ಬೆಂಗಳೂರಿಗೆ ಬರುವಾಗ ಕಡೂರು, ಅರಸೀಕೆರೆ, ತಿಪಟೂರು ಅಂತ ಸಾಲಾಗಿ ಸಿಗುವ ಊರುಗಳಿವೆಯಲ್ಲ, ಅವೆಲ್ಲ ಕೊಬ್ಬರಿ ಸೀಮೆ. ಇಲ್ಲಿ ಮಾಡೋದು ಉಂಡೆ ಕೊಬ್ಬರಿ. ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟದ ಮೇಲೆ ಹಾಕಿ ಹತ್ತು-ಹನ್ನೆರಡು ತಿಂಗಳು ಬಿಡಬೇಕು. ಒಳಗಿನ ನೀರು ತಾನಾಗಿ ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗಡಗಡ ಅನ್ನಬೇಕು. ಅವಸರ ಮಾಡಿ ಬೇಗ ಸುಲಿದರೆ ಒಳಗೆ ಹಸಿ ಉಳಿದು ಬೂಷ್ಟು ಹಿಡಿಯುತ್ತೆ. ಕಾಯಿ ಒಡೆದು ಹೋಳು ಒಣಗಿಸಿ ಮಾಡುವ ಕೊಬ್ಬರಿಯೂ ಉಂಟು, ಅದು ಹೆಚ್ಚಾಗಿ ಎಣ್ಣೆಗೆ. ಅದಕ್ಕೆ ಬೂಷ್ಟು ಬರದೆ ಬೆಳ್ಳಗೆ ಕಾಣಲಿ ಅಂತ ಗಂಧಕದ ಹೊಗೆ ಕೊಡುವುದೂ ಇದೆ. ಅವ್ವ 'ಗಾಣದ ಕೊಬ್ರಿ' ಅಂದಿದ್ದು ಇದನ್ನೇ. ವರ್ಷ ಕಾಯುವ ಕೊಬ್ಬರಿಗೂ ವಾರದಲ್ಲಿ ಒಣಗುವ ಕೊಬ್ಬರಿಗೂ ರುಚಿಯಲ್ಲಿ ಇರುವ ಫರಕು, ಆ ಡಬ್ಬ ಮಾಡಿದವರಿಗೆ ಗೊತ್ತಿರಲಿಲ್ಲ ಅಂತ ನಾನು ನಂಬಲ್ಲ.

ಈಗ ದುಡ್ಡಿನ ಮಾತು. 2023ರ ಹಂಗಾಮಿಗೆ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ರೂಪಾಯಿ ಇತ್ತು. ತಿಪಟೂರು ಮಾರುಕಟ್ಟೆಯಲ್ಲಿ ಆ ವರ್ಷ ಬೆಲೆ 8 ಸಾವಿರದ ಆಸುಪಾಸಿಗೆ ಬಿತ್ತು. ರೈತರು ಬೀದಿಗಿಳಿದರು. ನಮ್ಮಪ್ಪ ಬೀದಿಗಿಳಿಯುವ ಜಾತಿಯಲ್ಲ. ಅಟ್ಟ ಖಾಲಿ ಮಾಡಿ, ಸಿಕ್ಕ ರೇಟಿಗೆ ಕೊಟ್ಟು, ಸೊಸೈಟಿ ಸಾಲ ಕಟ್ಟಿದರು. ಅಂದ್ರೆ ಕೆಜಿಗೆ 80 ರೂಪಾಯಿ.

ಅವತ್ತು ರಾತ್ರಿ ನಾನು ಅಡುಗೆಮನೆ ತಕ್ಕಡಿ ತಗೊಂಡು ಆ ಡಬ್ಬದ ಕೊಬ್ಬರಿ ತೂಗಿದೆ. 62 ಗ್ರಾಂ. ಐದು ರೂಪಾಯಿ. ಹೆರೆದ ಸಿಪ್ಪೆ, ಉದುರಿದ ಪುಡಿ ಎಲ್ಲ ಸೇರಿಸಿ ನೂರು ಗ್ರಾಂ ಅಂದುಕೊಂಡರೂ ಎಂಟು ರೂಪಾಯಿ. 649ರಲ್ಲಿ ಎಂಟು. ಉಳಿದದ್ದು ಮರದ ಪೆಟ್ಟಿಗೆ, ಗಾಜಿನ ಸೀಸೆ, ದಾರ, ಮತ್ತು ದೋಣಿ. ನಾನು ಕೊಂಡಿದ್ದು ನಮ್ಮಪ್ಪನ ಬಗ್ಗೆ ಯಾರೋ ಬರೆದ ಕತೆಯನ್ನು, ಕೊಬ್ಬರಿ ಅದರ ಜೊತೆ ಫ್ರೀ ಬಂದಿತ್ತು.

ಇಲ್ಲಿಗೆ ನಿಲ್ಲಿಸಿ 'ಆದ್ದರಿಂದ ಗೆಳೆಯರೇ, ಸಣ್ಣ ಅಂಗಡಿಗೆ ಹೋಗಿ' ಅಂತ ಬರೆದಿದ್ದರೆ ಸುಲಭ ಇತ್ತು. ಇಂಥ ಬರಹ ನಾವೆಲ್ಲ ಸುಮಾರು ಓದಿದ್ದೀವಿ, ಲೈಕ್ ಒತ್ತಿದ್ದೀವಿ. ಆದರೆ ಸಣ್ಣ ಅಂಗಡಿ ಅಂದ ಮಾತ್ರಕ್ಕೆ ಸತ್ಯಹರಿಶ್ಚಂದ್ರ ಅಲ್ಲ. ನಮ್ಮೂರಿನ ಅಂಗಡಿಯಲ್ಲೇ ನೋಡಿ. ಅಲ್ಲಿ ಸಿಗೋದು ನಿಂಬೆಹಣ್ಣಿನ ಬಣ್ಣದ ಅಚ್ಚು ಬೆಲ್ಲ. ಕಬ್ಬಿನ ಹಾಲು ಕುದಿಸಿದರೆ ಆ ಬಣ್ಣ ತಾನಾಗಿ ಬರಲ್ಲ. ಸೋಡಿಯಂ ಹೈಡ್ರೋಸಲ್ಫೈಟ್ ಹಾಕಿದರೆ ಬರುತ್ತೆ, ಆಲೆಮನೆಯವರು ಬಾಯಲ್ಲಿ 'ಹೈಡ್ರೋಸ್' ಅನ್ನೋದು ಅದನ್ನೇ. ಮುಂಚೆ ಬೆಂಡೆ ಗಿಡದ ಲೋಳೆ ಹಾಕಿ ಕಲ್ಮಶ ತೆಗೀತಿದ್ದರು, ಈಗಲೂ ಕೆಲವರು ತೆಗೀತಾರೆ, ಬೆಲ್ಲ ಕಂದಾಗಿರುತ್ತೆ. 'ಕಂದು ಬೆಲ್ಲ ಯಾಕೆ ತರಲ್ಲ?' ಅಂತ ಅಂಗಡಿಯವರನ್ನು ಕೇಳಿದೆ. 'ತಂದ್ರೆ ಯಾರ್ ಮುಟ್ತಾರೆ? ದನಕ್ಕೆ ಇಡೋದು ಅಂತಾರೆ. ನಿಮ್ಮವ್ವನ್ನೇ ಕೇಳು' ಅಂದರು. ಕೇಳಿದೆ. ಹೋಳಿಗೆ ಹೂರಣ ಕಪ್ಪಗಾಗುತ್ತೆ ಅಂತ ಅವ್ವನೂ ಹಳದಿ ಬೆಲ್ಲವೇ ತರೋದು! ಕೊಬ್ಬರಿಯ ಕಮಟು ಒಂದು ಅಗಿತಕ್ಕೆ ಹಿಡಿದ ನಾಲಿಗೆ, ಬೆಲ್ಲದ ವಿಷಯಕ್ಕೆ ಕಣ್ಣಿನ ಮಾತು ಕೇಳುತ್ತೆ.

ಇನ್ನು 'ಸಾವಯವ' ಅನ್ನೋ ಪದ. 2017ರ ನಿಯಮದ ಪ್ರಕಾರ ಪ್ಯಾಕೆಟ್ಟಿನ ಮೇಲೆ ಸಾವಯವ ಅಂತ ಬರೆಯಬೇಕಾದರೆ ಪ್ರಮಾಣಪತ್ರ ಬೇಕು, 'ಜೈವಿಕ್ ಭಾರತ್' ಚಿಹ್ನೆ ಇರಬೇಕು. ನೇರವಾಗಿ ಗ್ರಾಹಕರಿಗೆ ಮಾರುವ ಸಣ್ಣ ರೈತರಿಗೆ ಮಾತ್ರ ವಿನಾಯಿತಿ. ನಮ್ಮ ಡಬ್ಬದವರು ಜಾಣರು, ಸಾವಯವ ಅಂತ ಎಲ್ಲೂ ಬರೆದಿರಲಿಲ್ಲ. 'ನೈತಿಕ' ಅಂತ ಬರೆದಿದ್ದರು. ಅದಕ್ಕೆ ಪ್ರಮಾಣಪತ್ರ ಕೇಳುವವರು ಯಾರು?

ಮುಂದಿನ ಸಂಕ್ರಾಂತಿಗೆ ನಾನು ಬೇರೆ ಅಂಗಡಿ ಹುಡುಕಿದೆ. ಸಿಕ್ಕಿದ್ದು ನಮ್ಮ ಮನೆಯಿಂದ ಎರಡು ಕ್ರಾಸ್ ಆಚೆ ಇರುವ ಒಂದು ಕಾಂಡಿಮೆಂಟ್ಸ್. ಹತ್ತು ಅಡಿ ಅಗಲ, ಮುಂದೆ ಚಕ್ಕುಲಿ-ಕೋಡುಬಳೆ, ಹಿಂದೆ ಹೋಳಿಗೆ ಕಾವಲಿ. ಡಿಸೆಂಬರ್‌ನಲ್ಲೇ ಹೋಗಿ 'ಆಂಟಿ, ಎಳ್ಳು-ಬೆಲ್ಲ ನಲವತ್ತು ಕಾಲು ಕೆಜಿ ಬೇಕಿತ್ತು' ಅಂದೆ. ಹತ್ತು ಕೆಜಿಯ ಆರ್ಡರ್ ಅಂದ್ರೆ ಕುಣಿದಾಡ್ತಾರೆ ಅಂದುಕೊಂಡಿದ್ದೆ.

'ಈಗ್ಲೇ ಕೊಡಕ್ಕಾಗಲ್ಲ. ಈಗ ಹೆಚ್ಚಿದ್ರೆ ಹಬ್ಬದ ಹೊತ್ತಿಗೆ ವಾಸನೆ ಬರತ್ತೆ' ಅಂದರು. 'ಜನವರಿ ಐದರ ಮೇಲೆ ಹೆಚ್ಚೋಕೆ ಶುರು ಮಾಡ್ತೀವಿ. ನಮ್ಮಲ್ಲಿ ನಾಲ್ಕೇ ಜನ. ನಿಮಗೆ ಆರು ಕೆಜಿ ಕೊಡಬಹುದು, ಬೇರೆಯವರಿಗೂ ಬೇಕಲ್ವಾ?'

ನನಗೆ ಆ ಅಂಗಡಿ ಮೇಲೆ ನಂಬಿಕೆ ಬಂದದ್ದು ಈ 'ಆಗಲ್ಲ' ಕೇಳಿ. ನಾವು ಸಾಫ್ಟ್‌ವೇರ್‌ನವರು ಯಾವುದಕ್ಕೂ ಆಗಲ್ಲ ಅನ್ನೋದನ್ನ ಕಲಿತಿಲ್ಲ. ಸ್ಕೇಲ್ ಆಗದ ವಸ್ತು ಕಂಡರೆ ಅದನ್ನ ಬಗ್ ಅಂತ ಫೈಲ್ ಮಾಡುವ ಜನ. ಆದರೆ ಕೈಯಲ್ಲಿ ಹೆಚ್ಚುವ ಪದಾರ್ಥ ಒಂದು ಮಿತಿಯಲ್ಲೇ ಮುಗಿಯಬೇಕು. ಕೈಯಳತೆ ಅಂತಲೂ ಬರೆದು, ಸಾವಿರ ಡಬ್ಬ ನಾಳೆಯೇ ಮನೆಗೆ ಕಳಿಸ್ತೀವಿ ಅಂತಲೂ ಹೇಳೋರು ಎರಡರಲ್ಲಿ ಒಂದು ಸುಳ್ಳು ಹೇಳ್ತಿದ್ದಾರೆ.

ಎಳ್ಳು-ಬೆಲ್ಲ ಮಾಡಿ ನೋಡಿದವರಿಗೆ ಇದು ಗೊತ್ತು. ಎಳ್ಳು ಹುರಿಯೋದು, ಕಡ್ಲೆಕಾಯಿ ಬೀಜ ಹುರಿದು ಸಿಪ್ಪೆ ಉಜ್ಜೋದು, ಹುರಿಗಡಲೆ ಆರಿಸೋದು ಒಂದು ಮಧ್ಯಾಹ್ನದ ಕೆಲಸ. ಜೀವ ತಿನ್ನೋದು ಕೊಬ್ಬರಿ ಮತ್ತು ಬೆಲ್ಲ. ಗಿಟುಕಿನ ಕಂದು ಸಿಪ್ಪೆಯನ್ನು ಹೆರೆದು ತೆಗೀಬೇಕು, ಆಮೇಲೆ ಅಡಕತ್ತರಿಯಲ್ಲಿ ಮೊದಲು ಪಟ್ಟಿ, ಪಟ್ಟಿಯಿಂದ ಚೂರು. ಬೆಲ್ಲ ಇನ್ನೂ ಕಷ್ಟ. ಕಂದು ಬೆಲ್ಲ ಮೆತ್ತಗಿರುತ್ತೆ, ಅಡಕತ್ತರಿಗೆ ಅಂಟುತ್ತೆ, ಚೂರು ಒಂದೊಂದು ಒಂದೊಂದು ಆಕಾರ. ಅವ್ವ ನಮ್ಮನೆಯಲ್ಲಿ ಅರ್ಧ ಕೆಜಿ ಕೊಬ್ಬರಿ ಹೆಚ್ಚಿದಾಗ ನಾನು ಗಡಿಯಾರ ನೋಡಿದ್ದೆ. ಎರಡು ಗಂಟೆ. ಹೆಬ್ಬೆರಳ ಬುಡದಲ್ಲಿ ಬೊಬ್ಬೆ.

ಹಾಗಾಗಿ ಆಂಟಿಯನ್ನು ಕೇಳಿಯೇ ಬಿಟ್ಟೆ. ಹೆಚ್ಚುವವರಿಗೆ ಏನು ಕೊಡ್ತೀರಿ? ಅವರು ಮುಚ್ಚಿಡಲಿಲ್ಲ. ಹಿಂದಿನ ಬೀದಿಯ ನಾಲ್ಕು ಹೆಂಗಸರು, ಮಧ್ಯಾಹ್ನ ಮನೆಯಲ್ಲೇ ಕೂತು ಹೆಚ್ಚುತ್ತಾರೆ, ಕೆಜಿಗೆ 110 ರೂಪಾಯಿ. ಕೈ ಪಳಗಿದವರು ಕೆಜಿಗೆ ಮೂರು ಗಂಟೆ ತಗೊಂಡರೂ ಗಂಟೆಗೆ 37 ರೂಪಾಯಿ ಆಗಲಿಲ್ಲ. ನಮ್ಮೂರ ತೋಟದ ಕೂಲಿ ಇದಕ್ಕಿಂತ ವಾಸಿ.

'ಕಮ್ಮಿ ಆಯ್ತಲ್ವಾ ಆಂಟಿ?'

'ಆಯ್ತು. ಐವತ್ತು ಜಾಸ್ತಿ ಕೊಡಬಹುದು. ರೇಟು ಏರಿಸಿದ್ರೆ ನೀವು ತಗೋತೀರಾ, ಇಲ್ಲ ಆನ್‌ಲೈನ್ ನೋಡ್ತೀರಾ?'

ನಿಂತಲ್ಲೇ ಲೆಕ್ಕ ಹಾಕಿದೆ. ಅವರ ಒಂದು ಕೆಜಿ ಮಿಶ್ರಣದಲ್ಲಿ ಕೊಬ್ಬರಿ ಕಾಲು, ಬೆಲ್ಲ ಕಾಲು. ಹೆಚ್ಚುವ ಕೂಲಿ ಕೆಜಿಗೆ 50 ಏರಿದರೆ ಮಿಶ್ರಣದ ಬೆಲೆ ಏರೋದು 25 ರೂಪಾಯಿ. ಅವರ ಎಳ್ಳು-ಬೆಲ್ಲ ಆಗ ಕೆಜಿಗೆ 640 ಇತ್ತು. ನಾನು ಹಿಂದಿನ ವರ್ಷ ಕೊಂಡ ಡಬ್ಬದ ಲೆಕ್ಕದಲ್ಲಿ ಕೆಜಿಗೆ 2,596. ಸೆಣಬಿನ ದಾರಕ್ಕೆ ಚೌಕಾಸಿ ಮಾಡದೆ ಕೊಟ್ಟಿದ್ದ ನಾನು, 25 ರೂಪಾಯಿಗೆ ಒಂದು ಕ್ಷಣ ತಡೆದೆ. ಆ ಕ್ಷಣವನ್ನು ಆಂಟಿ ನೋಡಿದರು. ಈಗಲೂ ನೆನೆದರೆ ಮುಜುಗರ ಆಗುತ್ತೆ.

2025ರಲ್ಲಿ ಕೊಬ್ಬರಿ ಬೆಲೆ ತಿರುಗಿತು. ಬೆಂಬಲ ಬೆಲೆ 12,100 ಇದ್ದರೆ ತಿಪಟೂರಿನಲ್ಲಿ ಕ್ವಿಂಟಲ್ 20 ಸಾವಿರ ದಾಟಿ ಮೇಲೆ ಹೋಯಿತು. ಬೆಲೆ ಇದ್ದಾಗ ಅಟ್ಟದಲ್ಲಿ ಕಾಯಿ ಇರಲಿಲ್ಲ ಅನ್ನೋದು ಬೇರೆ ಮಾತು, ನಮ್ಮ ಮರಗಳಲ್ಲಿ ಅರ್ಧ ಸುಳಿ ಒಣಗಿ ನಿಂತಿವೆ. ಆದರೆ ಅಂಗಡಿಗಳ ನಿಜ ಗೊತ್ತಾಗೋದು ಇಂಥ ವರ್ಷದಲ್ಲೇ. ಈ ಸಂಕ್ರಾಂತಿಗೆ ಕುತೂಹಲಕ್ಕೆ ಹಳೇ ಮರದ ಡಬ್ಬವನ್ನು ಮತ್ತೊಮ್ಮೆ ತರಿಸಿದೆ. ಬೆಲೆ ಅದೇ 649. ತೂಗಿದೆ. ಕೊಬ್ಬರಿ 31 ಗ್ರಾಂ, ಆ ಜಾಗಕ್ಕೆ ಹುರಿಗಡಲೆ ಬಂದು ಕೂತಿದೆ. ದೋಣಿ ಮಾತ್ರ ಹಾಗೇ ಇದೆ.

ಆಂಟಿ ಅಂಗಡಿಯಲ್ಲಿ ಒಂದು ರಟ್ಟಿನ ಬೋರ್ಡು ನೇತುಹಾಕಿದ್ದರು. 'ಎಳ್ಳು-ಬೆಲ್ಲ ಕೆಜಿ 740. ಕೊಬ್ಬರಿ ರೇಟು ಜಾಸ್ತಿ, ಕೊಬ್ಬರಿ ಕಮ್ಮಿ ಮಾಡಿಲ್ಲ.' ಹೆಚ್ಚುವ ಕೂಲಿ 160 ಮಾಡಿದ್ದಾರಂತೆ. ಗಂಟೆಗೆ ಐವತ್ತಮೂರು. ಇದನ್ನೂ ನಾನು ನ್ಯಾಯ ಅಂತ ಕರೆಯಲಾರೆ, ಆದರೆ ಕೇಳಿದರೆ ಲೆಕ್ಕ ಹೇಳುವ ಅಂಗಡಿ ನನಗೆ ಸಿಕ್ಕಿದ್ದು ಇದೊಂದೇ. ಪ್ಯಾಕೆಟ್ಟಿನ ಮೇಲೆ ಹದಿನಾಲ್ಕು ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್ ಇದೆ, ಪ್ಯಾಕ್ ಮಾಡಿದ ದಿನ ಪೆನ್ನಲ್ಲಿ ಬರೆದಿದೆ. ಬಣ್ಣದ ಸಕ್ಕರೆ ಅಚ್ಚು ಮಾತ್ರ ಇನ್ನೂ ಇಟ್ಟಿದ್ದಾರೆ, ಗುಲಾಬಿ, ಹಳದಿ. ಬೇಡ ಅಂದೆ. 'ಮಕ್ಕಳು ಕೇಳ್ತಾರೆ' ಅಂದರು. ಆ ಜಗಳ ಬಾಕಿ ಇದೆ.

ಈ ಸಲ ಅವ್ವನನ್ನೂ ಕರ್ಕೊಂಡು ಹೋಗಿದ್ದೆ. ಒಂದು ಚೂರು ಕೊಬ್ಬರಿ ಬಾಯಿಗೆ ಹಾಕಿಕೊಂಡು ನಿಧಾನಕ್ಕೆ ಅಗಿದಳು.

'ಯಾವ್ ಕಡೆ ಕೊಬ್ರಿ ತಾಯಿ?'

'ಅರಸೀಕೆರೆ ಕಡೇದು ಅಮ್ಮ. ಬೆಲ್ಲ ಸ್ವಲ್ಪ ಕಪ್ಪಿದೆ, ಹೈಡ್ರೋಸ್ ಹಾಕಿಲ್ಲ.'

ಅವ್ವ ಬೆಲ್ಲದ ಚೂರನ್ನು ಬೆಳಕಿಗೆ ಹಿಡಿದು ನೋಡಿದಳು, ಮುಖ ಕಿವುಚಿದಳು, ತಿಂದಳು, ಇನ್ನೊಂದು ತಗೊಂಡಳು. ಎರಡು ಕೆಜಿ ಕಟ್ಟಿಸಿ ಆದಮೇಲೆ, 'ನಲ್ವತ್ ರೂಪಾಯಿ ಬಿಟ್ಕೊಡಮ್ಮ' ಅಂದಳು. ನಾನು ಗಾಬರಿಯಾಗಿ ಅವಳ ಸೆರಗು ಎಳೆದೆ. ಆಂಟಿ ಬಿಡಲಿಲ್ಲ, ಒಂದು ಹಿಡಿ ಕೊಬ್ಬರಿ ಜಾಸ್ತಿ ಹಾಕಿದರು. ಹೊರಗೆ ಬಂದ ಮೇಲೆ ಅವ್ವನ ಕಣ್ಣು ಆ ಚೂರುಗಳ ಮೇಲೇ ಇತ್ತು.

'ಎಡಗೈಯೋಳು ಯಾರೋ ಹೆಚ್ಚವ್ಳೆ ಕಣೋ ಇದ್ನ, ಓರೆ ನೋಡು.'