ತೀರ್ಪು ಕೊಡದ ಕಾದಂಬರಿಯ ರುಚಿ

ತೇರದಾಳ, ಜಮಖಂಡಿ, ಮುಧೋಳ ಭಾಗದಲ್ಲಿ ಹರದೇಶಿ–ನಾಗೇಶಿ ಹಾಡಿಕೆಗೆ ಕೂತ ಮಂದಿ ಬೆಳಗಾಗುವ ತನಕ ಏಳುವುದಿಲ್ಲ. ಒಂದು ಮೇಳ ಗಂಡು ಹೆಚ್ಚೆಂದು ಹಾಡುತ್ತದೆ, ಇನ್ನೊಂದು ಹೆಣ್ಣು ಹೆಚ್ಚೆಂದು. ಪುರಾಣದಿಂದ ಹೆಕ್ಕಿ ತಂದ ಸವಾಲು ಬಿಗಿಯಾದಷ್ಟೂ ಕೇಳುವವರಿಗೆ ಹುರುಪು. ಈ ವಾದ ಇವತ್ತಿಗೆ ಮುಗಿಯುವಂಥದ್ದಲ್ಲ ಎಂಬುದು ಗೊತ್ತಿದ್ದೇ ಅವರು ಬಂದಿರುತ್ತಾರೆ. ಇಂಥ ಸೀಮೆಯಲ್ಲಿ ನಿಂತು, ತಲೆಗೆ ಕೆಲಸ ಕೊಡುವ ಕಾದಂಬರಿ ಜನಕ್ಕೆ ಬೇಡ ಎಂದರೆ ನಾನು ಒಪ್ಪಲಾರೆ.

ಯಶವಂತ ಚಿತ್ತಾಲರ ‘ಶಿಕಾರಿ’ (1979) ತೆಗೆದುಕೊಳ್ಳಿ. ಮುಂಬೈಯ ಕಂಪನಿಯೊಂದರಲ್ಲಿ ದೊಡ್ಡ ಹುದ್ದೆಯಲ್ಲಿರುವ ನಾಗಪ್ಪನ ಮೇಲೆ ಆರೋಪ ಬಂದಿದೆ. ಏನು ಆರೋಪ ಎಂಬುದು ಮೊದಲಿಗೆ ಅವನಿಗೇ ತಿಳಿಯದು, ನಮಗೂ ತಿಳಿಯದು. ಹೀಗಾಗಿ ಎದುರಿಗೆ ಬಂದವರ ಒಂದೊಂದು ಮಾತನ್ನೂ ಅವನ ಜೊತೆ ನಾವೂ ತಿರುವಿ ಹಾಕಿ ನೋಡುತ್ತೇವೆ. ಇದು ನಿಜವಾದ ಸಂಚೋ, ಹೆದರಿದ ಮನಸ್ಸು ಕಟ್ಟಿಕೊಂಡದ್ದೋ? ಇಪ್ಪತ್ತು ವರ್ಷ ನೌಕರಿ ಮಾಡಿ, ನಗುನಗುತ್ತಲೇ ಮಾತಾಡುವ ಮೇಲಧಿಕಾರಿಗಳನ್ನು ಕಂಡವರಿಗೆ ಈ ಅನುಮಾನದ ಬಿಸಿ ತಟ್ಟುವಷ್ಟು ಹೊಸ ಓದುಗರಿಗೆ ತಟ್ಟುವುದು ಕಷ್ಟ. ನಾಗಪ್ಪನ ಒಳತೋಟಿ ಕೆಲವು ಕಡೆ ಸುತ್ತಿದಲ್ಲೇ ಸುತ್ತುತ್ತದೆ, ಅದು ನಿಜ. ಆದರೂ ಆ ದಣಿವು ಭಯಪಟ್ಟವನ ದಣಿವೇ ಆಗಿರುವುದರಿಂದ ಓದು ನಿಲ್ಲುವುದಿಲ್ಲ.

ಕಷ್ಟವೆಲ್ಲ ಒಂದೇ ಬಗೆಯದಲ್ಲ. ದೇವನೂರ ಮಹಾದೇವರ ‘ಕುಸುಮಬಾಲೆ’ (1984) ನಂಜನಗೂಡು ಸೀಮೆಯ ಆಡುಮಾತಿನಲ್ಲಿದೆ. ನಮ್ಮ ಕಡೆಯ ಓದುಗ ಮೊದಮೊದಲು ಎಡವುತ್ತಾನೆ, ಗಟ್ಟಿಯಾಗಿ ಓದಿಕೊಂಡರೆ ದಾರಿ ಸಿಗುತ್ತದೆ. ಅದು ದಾಟಬಹುದಾದ ಕಷ್ಟ. ಹೇಳಲು ಏನೂ ಇಲ್ಲದೆ ಮಂಜು ಕವಿಸಿದ ಕಥೆಗಳೂ ನಮ್ಮಲ್ಲಿ ಬಂದಿವೆ. ಪಳಗಿದ ಓದುಗರು ಅವನ್ನು ಬೇಗ ಗುರುತಿಸಿ ಬದಿಗಿಡುತ್ತಾರೆ.

ನನಗೆ ಎಲ್ಲಕ್ಕಿಂತ ಹತ್ತಿರದ್ದು ರಾವಬಹಾದ್ದೂರರ ‘ಗ್ರಾಮಾಯಣ’ (1957). ಲೇಖಕರು ಜಮಖಂಡಿ ತಾಲ್ಲೂಕಿನ ಹಿರೇಪಡಸಲಗಿಯವರು. ಪುಸ್ತಕದ ತುಂಬ ನಮ್ಮ ಮಾತೇ ಇದೆ. ಭಾಷೆ ಅಡ್ಡಿಯಲ್ಲ. ಆದರೆ ಪಾದಳ್ಳಿ ಎಂಬ ಊರಿನ ಈ ಕಥೆಯಲ್ಲಿ ಹಿಡಿದುಕೊಂಡು ಹೋಗಲು ಒಬ್ಬ ನಾಯಕನಿಲ್ಲ, ಊರಿಗೆ ಊರೇ ನಾಯಕ. ಯಾರು ಯಾರ ಕಡೆಯವರು, ಯಾರ ಮಾತಿನ ಹಿಂದೆ ಯಾವ ಆಸೆ ಇದೆ ಎಂದು ಲೆಕ್ಕ ಹಾಕುತ್ತಲೇ ಓದಬೇಕು. ಮಂದಿ ಹೆಚ್ಚಾಗಿ ಎಳೆ ಕೈತಪ್ಪುವ ಜಾಗಗಳಿವೆ. ಇನ್ನಷ್ಟು ಬಿಗಿ ಮಾಡಬಹುದಿತ್ತು ಅನ್ನಿಸುತ್ತದೆ. ಆದರೆ ನಾಯಕನನ್ನು ಕೊಟ್ಟುಬಿಟ್ಟಿದ್ದರೆ ನಾವು ಅವನ ಪಕ್ಷ ವಹಿಸಿ ಹಾಯಾಗಿ ಇರುತ್ತಿದ್ದೆವು. ಆ ಸುಖವನ್ನು ಲೇಖಕರು ಕೊಡುವುದಿಲ್ಲ. ಊರು ಕೆಡುವಾಗ ಪ್ರತಿಯೊಬ್ಬನೂ ತನ್ನ ಪಾಲನ್ನು ಉಳಿಸಿಕೊಳ್ಳಲು ಹೊರಟಿರುತ್ತಾನೆ. ದಾಯಾದಿಗಳ ಜಗಳದಲ್ಲಿ, ಹೊಲದ ಬದುವಿನ ತಕರಾರಿನಲ್ಲಿ ಪಂಚಾಯ್ತಿಗೆ ಕೂತು ಎರಡೂ ಕಡೆಯ ನ್ಯಾಯ ಕೇಳಿ ಬಂದವರಿಗೆ ಇದು ಹೊಸತಲ್ಲ. ಮನಸ್ಸಿನಲ್ಲಿ ಇತ್ಯರ್ಥವಾಗದೆ ಉಳಿದ ಅಂಥ ಜಗಳಗಳನ್ನು ಮತ್ತೆ ಎದುರಿಗಿಟ್ಟುಕೊಂಡು ಕೂರಲು ಈ ಕಾದಂಬರಿ ಅವರಿಗೆ ಜಾಗ ಕೊಡುತ್ತದೆ. ಪಾದಳ್ಳಿ ಹಾಳಾದದ್ದು ಯಾರಿಂದ ಎಂದು ಕೇಳಿದರೆ ಗೌಡಕಿ ಮನೆತನದ ಓದುಗ ಒಂದು ಹೇಳಬಹುದು, ಬನಹಟ್ಟಿಯ ನೇಕಾರ ಇನ್ನೊಂದು ಹೇಳಬಹುದು. ಇಬ್ಬರಿಗೂ ಪುಸ್ತಕದಲ್ಲಿ ಆಧಾರ ಸಿಗುತ್ತದೆ.