ಗಾಡಿಗೆ ತಕ್ಕ ಗೂಡು

ಬನದ ಹುಣ್ಣಿಮೆ ಹತ್ತಿರ ಬಂತೆಂದರೆ ಬಾದಾಮಿ ಬನಶಂಕರಿ ಜಾತ್ರೆಯ ಹಾದಿಯ ತುಂಬ ಗಾಡಿಗಳು. ಹಿಂದೆ ಬರುತ್ತಿದ್ದದ್ದು ಕೊಲ್ಲಾರಿ ಕಟ್ಟಿದ ಚಕ್ಕಡಿ. ಈಗ ಅದರ ಜೊತೆಗೆ ಟ್ರ್ಯಾಕ್ಟರ್, ಟಾಟಾ ಏಸ್, ಬೊಲೆರೊ ಪಿಕಪ್ ಸೇರಿವೆ. ತೇರು ನೋಡಿ, ನಾಟಕ ನೋಡಿ, ಗಾಡಿಯ ಮಗ್ಗುಲಲ್ಲೇ ಒಲೆ ಹೂಡಿ, ಗಾಡಿಯಲ್ಲೇ ಮಲಗುವುದು ಈ ಸೀಮೆಯ ಹಳೆಯ ರೂಢಿ. ಅಮೆರಿಕದವರು ಪಿಕಪ್‌ಗಳ ಬೆನ್ನಿಗೆ ಕೂರಿಸುವ ಪಾಪ್-ಅಪ್ ಕ್ಯಾಂಪರ್ ಕೂಡ ಇದೇ ಕೆಲಸದ್ದು. ಓಡುವಾಗ ಅದರ ಚಾವಣಿ ತಗ್ಗಿರುತ್ತದೆ. ನಿಂತ ಮೇಲೆ ಎತ್ತಿದರೆ ಸುತ್ತ ಬಟ್ಟೆಯ ಗೋಡೆ ಏಳುತ್ತದೆ. ಅಂಥದ್ದೊಂದನ್ನು ನಮ್ಮ ಪಿಕಪ್‌ಗೂ ಕಟ್ಟಿಸಬೇಕೆಂಬ ಆಸೆ ಒಳ್ಳೆಯದೇ. ಆದರೆ ಗೂಡಿನ ನಕ್ಷೆ ಮೊದಲು ಬರೆದು, ಗಾಡಿಯನ್ನು ಆಮೇಲೆ ಅದಕ್ಕೆ ಒಗ್ಗಿಸಹೊರಟರೆ ಕೆಲಸ ಕೆಡುತ್ತದೆ.

ಈ ಮಾತಿಗೆ ಕೊಲ್ಲಾರಿಯೇ ಸಾಕ್ಷಿ. ಬಿದಿರು ಬಾಗಿಸಿ ಕಮಾನು ಮಾಡಿ, ಮೇಲೆ ಚಾಪೆಯನ್ನೋ ತಾಡಪತ್ರಿಯನ್ನೋ ಹೊದಿಸಿ, ಚಕ್ಕಡಿಯ ಎರಡೂ ಬದಿಗೆ ಹಗ್ಗದಿಂದ ಬಿಗಿಯುತ್ತಾರೆ. ಜಾತ್ರೆ ಮುಗಿದ ಮೇಲೆ ಅದನ್ನು ಬಿಚ್ಚಿಟ್ಟರೆ ಚಕ್ಕಡಿ ಮರುದಿನ ಗೊಬ್ಬರ ಹೇರಲು ಸಿದ್ಧ. ಎತ್ತಿನ ಶಕ್ತಿ ಎಷ್ಟೆಂದು ಬಲ್ಲವರು ಕಟ್ಟಿದ ಗೂಡು ಅದು. ಭಾರ ಹಿಂದೆ ಹೆಚ್ಚಾದರೆ ನೊಗ ಮೇಲೇಳುತ್ತದೆ, ಮುಂದೆ ಹೆಚ್ಚಾದರೆ ಎತ್ತಿನ ಹೆಗಲು ಹುಣ್ಣಾಗುತ್ತದೆ. ಹಾಗಾಗಿ ಕೂರುವವರ ಜಾಗ, ಬುತ್ತಿಗಂಟಿನ ಜಾಗ, ಹೊಟ್ಟು ಮೇವಿನ ಜಾಗ ಎಲ್ಲವನ್ನೂ ಅಚ್ಚಿನ ಲೆಕ್ಕದಲ್ಲೇ ಗೊತ್ತುಮಾಡುತ್ತಾರೆ. ಜೋರು ಮಳೆಗೆ ಕೊಲ್ಲಾರಿ ತಡೆಯದು, ಒಳಗೆ ನೆಟ್ಟಗೆ ನಿಲ್ಲಲಾಗದು. ಆದರೂ ಹಗುರತನ, ಸಮತೂಕ, ಬಿಚ್ಚಿಡುವ ಅನುಕೂಲ ಈ ಮೂರರಲ್ಲಿ ಅದನ್ನು ಮೀರಿಸುವುದು ಕಷ್ಟ.

ಇದರ ಎದುರಿಗೆ, ಪಿಕಪ್ ಮೇಲೆ ಕಬ್ಬಿಣದ ಕೋಣೆ ಕಟ್ಟಿದರೆ ಏನಾಗುತ್ತದೆ ನೋಡಿ. ಆ್ಯಂಗಲ್ ಚೌಕಟ್ಟು, ತಗಡಿನ ಗೋಡೆ, 18 ಮಿ.ಮೀ. ಪ್ಲೈವುಡ್‌ನ ಮಂಚ. ಎಂಟಡಿ ಉದ್ದ, ನಾಲ್ಕಡಿ ಅಗಲದ ಅಂಥ ಒಂದೇ ಹಾಳೆ ಸುಮಾರು 35 ಕೆಜಿ ತೂಗುತ್ತದೆ. ಹಿಂದಿನ ಬಾಗಿಲ ಪಕ್ಕ ನೂರು ಲೀಟರಿನ ನೀರಿನ ಟ್ಯಾಂಕ್ ಇಟ್ಟರೆ ಅಲ್ಲಿಗೆ ನೂರು ಕೆಜಿ. ಹಿಂದಿನ ಸ್ಪ್ರಿಂಗ್ ಪಟ್ಟಿ ಚಪ್ಪಟೆಯಾಗುತ್ತದೆ, ಮುಂದಿನ ಗಾಲಿ ಹಗುರಾಗಿ ಸ್ಟೇರಿಂಗ್ ಹಿಡಿತ ತಪ್ಪುತ್ತದೆ, ರಾತ್ರಿ ಹೆಡ್‌ಲೈಟು ಎದುರು ಬರುವವರ ಕಣ್ಣಿಗೆ ರಾಚುತ್ತದೆ. ಇನ್ನೆರಡು ಪಟ್ಟಿ ಹಾಕಿಸಿದರೆ ಗಾಡಿ ನೆಟ್ಟಗೆ ನಿಂತಂತೆ ಕಾಣುತ್ತದೆ, ಅಷ್ಟೇ. ಬ್ರೇಕು, ಅಚ್ಚು, ಟೈರು ಹಿಂದಿನವೇ ಆದ್ದರಿಂದ ಹೊರುವ ಶಕ್ತಿ ಕೂದಲೆಳೆಯಷ್ಟೂ ಹೆಚ್ಚುವುದಿಲ್ಲ.

ಹಾಗಾದರೆ ಯಾವ ಗಾಡಿ? ಟಾಟಾ ಏಸ್ 2005ರಿಂದ ನಮ್ಮ ಸಂತೆ, ಓಣಿಗಳಿಗೆ ಹೇಳಿ ಮಾಡಿಸಿದ ಗಾಡಿ. ಅದರ ಮೇಲೆ ಸುಮಾರು 750 ಕೆಜಿ ಹೇರಬಹುದು. ಆದರೆ ಸೀಟು ಇಬ್ಬರಿಗೆ ಮಾತ್ರ, ಅಗಲವೂ ಕಡಿಮೆ. ಎತ್ತರದ ಗೂಡು ಹೇರಿದರೆ ಅಡ್ಡಗಾಳಿಗೆ ಓಲಾಡುತ್ತದೆ. ಬಾದಾಮಿ, ಪಟ್ಟದಕಲ್ಲು, ಐಹೊಳೆ ಸುತ್ತಿ ಬರುವ ದಂಪತಿಗೆ, ಗೂಡು ತಗ್ಗಾಗಿದ್ದರೆ, ಸಾಕು.

1.7 ಟನ್ನಿನ ಬೊಲೆರೊ ಪಿಕಪ್‌ನ ತೊಟ್ಟಿ ಸುಮಾರು ಒಂಬತ್ತಡಿ ಉದ್ದ. ಆರಡಿಯ ಮನುಷ್ಯ ಕಾಲು ಚಾಚಿ ಮಲಗಬಹುದು. ತೂಕದ ಚಿಂತೆಯೂ ಇಲ್ಲ. ಕೊರತೆ ಬೇರೆ ಕಡೆ ಇದೆ. ಸಿಮೆಂಟು, ಈರುಳ್ಳಿ ಚೀಲ ಹೊರಲೆಂದು ಮಾಡಿದ ಗಡುಸು ಪಟ್ಟಿ ಅದರದ್ದು. ನಾನೂರು ಕೆಜಿಯ ಗೂಡು ಹೊತ್ತಾಗ ಗಾಡಿ ಕುಣಿಯುತ್ತದೆ, ಗೂಡಿನ ಕೀಲುಗಳು ಸಡಿಲುತ್ತವೆ. ದೊಡ್ಡ ಗಾಡಿ ಕೊಂಡರೆ ಎಲ್ಲ ಸರಿಹೋಗುತ್ತದೆ ಎನ್ನುವವರು ಇದನ್ನು ಗಮನಿಸಬೇಕು.

ಐಸುಜು ವಿ-ಕ್ರಾಸ್, ಟೊಯೊಟಾ ಹೈಲಕ್ಸ್ ನೋಡಲು ಗಟ್ಟಿಮುಟ್ಟು. ಫೋರ್-ವೀಲ್ ಡ್ರೈವ್ ಇರುವುದರಿಂದ ಹುನಗುಂದದ ಎರೆಹೊಲದ ದಾರಿ ಮಳೆಗೆ ಕೆಸರಾದಾಗ ಒಳ್ಳೆಯ ನೆರವು. ಆದರೆ ಅವು ಹೊರುವ ಭಾರ ಬೊಲೆರೊಗಿಂತ ತೀರ ಕಡಿಮೆ, ತೊಟ್ಟಿಯೂ ಐದಡಿಯ ಆಸುಪಾಸು. ಅವಕ್ಕೆ ಬಟ್ಟೆಯ ಡೇರೆ ಸಾಕು, ಗೂಡಿನ ಆಸೆ ಬೇಡ.

ಸಂಸಾರಸ್ಥರಿಗೆ ನಾನು ಹೇಳುವುದು ಬೊಲೆರೊ ಕ್ಯಾಂಪರ್ ಎಂಬ ಪಿಕಪ್. ಒಳಗೆ ಐವರಿಗೆ ಸೀಟು, ಹಿಂದೆ ಒಂದು ಟನ್ ಹೇರುವ ತೊಟ್ಟಿ. ಐದು ಜನ 325 ಕೆಜಿ, ಗೂಡು 300, ನೀರು 60, ಒಲೆ-ಪಾತ್ರೆ-ಹಾಸಿಗೆ 70. ಎಲ್ಲ ಸೇರಿ 755 ಕೆಜಿ. ಹೆಚ್ಚುಕಡಿಮೆ ಕಾಲುಭಾಗ ಉಳಿದೇ ಇರುತ್ತದೆ. ತೊಟ್ಟಿ ಗಿಡ್ಡವಾದ್ದರಿಂದ ಮಲಗುವ ಹಲಗೆಯನ್ನು ಕ್ಯಾಬಿನ್ನಿನ ಮೇಲಕ್ಕೆ ಚಾಚಬೇಕು. ನೀರಿನ ಟ್ಯಾಂಕನ್ನು ಹಿಂದಿನ ಅಚ್ಚಿಗಿಂತ ತುಸು ಮುಂದೆ, ತಳದಲ್ಲೇ ಇಡಬೇಕು. ಏಳುವ ಚಾವಣಿಯ ಲಾಭ ಇಲ್ಲಿಯೇ ಗೊತ್ತಾಗುವುದು. ತಗ್ಗಿದ್ದಾಗ ಹಳ್ಳಿಯೊಳಗೆ ಜೋತುಬಿದ್ದ ತಂತಿಗೆ ತಾಗದು. ಎತ್ತಿದಾಗ ಬಟ್ಟೆಗೋಡೆಯ ಕಿಟಕಿಗಳಿಂದ ಗಾಳಿ ಆಡುತ್ತದೆ. ಕಾದ ತಗಡಿನೊಳಗೆ ಬಾದಾಮಿಯ ಬೇಸಿಗೆ ಕಳೆಯುವುದು ಆಗದ ಮಾತು.

ಈ ಆಯ್ಕೆಗೆ ಇನ್ನೊಂದು ಕಾರಣವಿದೆ, ನನ್ನ ಮಟ್ಟಿಗೆ ಅದೇ ದೊಡ್ಡದು. ಜಾತ್ರೆಗೆ ಹೋಗುವಾಗ ತೊಟ್ಟಿಯಲ್ಲಿ ಹೆಂಗಸರು ಮಕ್ಕಳನ್ನು ಕೂರಿಸಿ ಮೇಲೆ ತಾಡಪತ್ರಿ ಕಟ್ಟುವುದು ಇನ್ನೂ ನಿಂತಿಲ್ಲ. ಅದು ಕಾನೂನಿಗೂ ವಿರುದ್ಧ, ಜೀವಕ್ಕೂ ಅಪಾಯ. ಗೂಡು ಕಟ್ಟಿದ ಮಾತ್ರಕ್ಕೆ ತೊಟ್ಟಿ ಪ್ರಯಾಣದ ಜಾಗ ಆಗುವುದಿಲ್ಲ. ಓಡುವಾಗ ಎಲ್ಲರೂ ಕ್ಯಾಬಿನ್ನಿನಲ್ಲಿ ಬೆಲ್ಟ್ ಹಾಕಿ ಕೂರಬೇಕು. ಅಷ್ಟು ಸೀಟಿಲ್ಲದ ಗಾಡಿ ಆ ಸಂಸಾರಕ್ಕೆ ತಕ್ಕದ್ದಲ್ಲ. ಹಾಗೆಯೇ ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಮು ಗಾಡಿಯ ಮೂಲ ರೂಪ ಬದಲಿಸುವುದಕ್ಕೆ ಕಟ್ಟು ಹಾಕಿದೆ. ಬೆಸುಗೆಗೆ ಮೊದಲು ಆರ್‌ಟಿಒ ಕಚೇರಿಯ ಒಪ್ಪಿಗೆ ಕೇಳಬೇಕು.

ಗ್ರಾನೈಟ್ ತೂಗುವ ಇಳಕಲ್ಲಿನಲ್ಲಿ, ಕಬ್ಬು ತೂಗುವ ಬಾಗಲಕೋಟೆ ಜಿಲ್ಲೆಯಲ್ಲಿ ಕಾಟಾಕ್ಕೆ ಬರವಿಲ್ಲ. ಗೂಡು ಕಟ್ಟಿಸಿದ ಮೇಲೆ ನೀರು ತುಂಬಿ, ಮನೆಯವರನ್ನೆಲ್ಲ ಕೂರಿಸಿ ಕಾಟಾ ಮಾಡಿಸಿ. ಮೊದಲು ಮುಂದಿನ ಗಾಲಿ ಮಾತ್ರ ಹತ್ತಿಸಿ, ಆಮೇಲೆ ಇಡೀ ಗಾಡಿ. ಎರಡರ ವ್ಯತ್ಯಾಸವೇ ಹಿಂದಿನ ಅಚ್ಚಿನ ಭಾರ. ಚೀಟಿಯ ಅಂಕಿ ಆರ್‌ಸಿಯಲ್ಲಿರುವ ಒಟ್ಟು ತೂಕವನ್ನು ಮೀರಿದ್ದರೆ ಗೂಡಿನಿಂದ ಸಾಮಾನು ಇಳಿಸಿ, ಅಷ್ಟಕ್ಕೂ ಸಾಲದಿದ್ದರೆ ಗೂಡನ್ನೇ ಇಳಿಸಿ.